ವಾರಕ್ಕೊಂದು ದಿನದ ಮಾತ್ರೆ ಮತ್ತು ಭೀಮಾವರದ ಸುಬ್ಬರಾವ್

ಕೊರೊನಾ ಬಂದು ಹೋದ ಮೇಲೆ ರೋಗನಿರೋಧಕ ಶಕ್ತಿ ಎಂಬ ಮಾತು ಎಲ್ಲರ ಬಾಯಿಗೂ ಬಂತು. ಕಷಾಯ ಕುಡಿದರೆ ಅದು ಹೆಚ್ಚುತ್ತದೆ, ಅಮೃತಬಳ್ಳಿ ಜಗಿದರೆ ಹೆಚ್ಚುತ್ತದೆ, ಬೆಳಿಗ್ಗೆ ಎದ್ದು ಓಡಿದರೆ ಹೆಚ್ಚುತ್ತದೆ. ಹೆಚ್ಚಬೇಕು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಅದೇ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಮಾತ್ರೆ ನುಂಗಿ, ಅದರ ಬಲದಿಂದಲೇ ನೆಟ್ಟಗೆ ನಡೆದಾಡುವ ಜನ ನಮ್ಮ ನಡುವೆ ಲಕ್ಷಗಟ್ಟಲೆ ಇದ್ದಾರೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದ ರುಮಟಾಯ್ಡ್ ಸಂಧಿವಾತದವರು, ಮೈಮೇಲೆ ಹೊಪ್ಪಳೆ ಏಳುವ ಸೋರಿಯಾಸಿಸ್‌ನವರು, ಬೇರೊಬ್ಬರ ಕಿಡ್ನಿ ಹಾಕಿಸಿಕೊಂಡವರು. ಮನೆ ಕಾಯಬೇಕಾದ ನಾಯಿ ಮನೆಯವರನ್ನೇ ಕಚ್ಚಲು ಬಂದರೆ ಅದಕ್ಕೊಂದು ಸರಪಳಿ ಬೇಕಲ್ಲ, ಅಂಥ ಸರಪಳಿ ಈ ಔಷಧಗಳು.

ಇವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ, ಅತಿ ಅಗ್ಗದ ಒಂದು ಮಾತ್ರೆಯ ಹೆಸರು ಮೆಥೊಟ್ರೆಕ್ಸೇಟ್. ನಾನು ಹೈದರಾಬಾದಿನಲ್ಲಿ ಔಷಧ ಕಂಪನಿಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುವವನು. ಊರು ರಾಯಚೂರು. ದೊಡ್ಡ ಆಸ್ಪತ್ರೆಗೆಂದು ಇಲ್ಲಿಗೆ ಬರುವ ನಮ್ಮ ಕಡೆಯ ನೆಂಟರಿಷ್ಟರು ಡಾಕ್ಟರ ಚೀಟಿ ಹಿಡಿದು ಒಮ್ಮೆ ನಮ್ಮ ಮನೆಗೂ ಬಂದು ಹೋಗುವುದು ವಾಡಿಕೆ. ಕೀಲುನೋವಿನವರ ಚೀಟಿಯಲ್ಲಿ ಈ ಹೆಸರಿದ್ದರೆ ಪ್ರಶ್ನೆ ಒಂದೇ: ಇದು ಕ್ಯಾನ್ಸರ್ ಮಾತ್ರೆಯಂತೆ, ಹೌದೇನಪ್ಪಾ? ಮೊಬೈಲಿನಲ್ಲಿ ಯಾರೋ ನೋಡಿ ಹೇಳಿರುತ್ತಾರೆ. ಹೆದರಿ ಮಾತ್ರೆಯನ್ನು ಅಲ್ಲಿಗೇ ಬಿಟ್ಟವರೂ ಇದ್ದಾರೆ, ಬಿಟ್ಟು ಎರಡೇ ವರ್ಷದಲ್ಲಿ ಬೆರಳು ಸೊಟ್ಟಗಾದವರೂ ಇದ್ದಾರೆ.

ಹೌದು, ಅದು ಮೊದಲು ಕ್ಯಾನ್ಸರಿಗೆಂದೇ ಹುಟ್ಟಿದ ಔಷಧ. ಅದಕ್ಕೂ ಮೊದಲು ಅದರ ಬೇರು ಇದ್ದದ್ದು ಒಂದು ವಿಟಮಿನ್ನಿನ ಹುಡುಕಾಟದಲ್ಲಿ. ಆ ಹುಡುಕಾಟದ ಹಿಂದೆ ಇದ್ದವರು ಆಂಧ್ರದ ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ನನ್ನ ತೆಲುಗು ಸಹೋದ್ಯೋಗಿಗಳು ಈ ಹೆಸರನ್ನು ಮನೆಯ ಅಜ್ಜನ ಹೆಸರಿನಂತೆ ಹೇಳುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಬರಹಗಳಂತೂ ಜಗತ್ತಿನ ಅರ್ಧ ಔಷಧಗಳನ್ನು ಅವರೊಬ್ಬರೇ ಕಂಡುಹಿಡಿದರು ಎನ್ನುತ್ತವೆ. ಅದು ಅತಿಯಾಯಿತು. ಅವರ ನಿಜವಾದ ಬದುಕಿಗೆ ಈ ಒಗ್ಗರಣೆ ಬೇಕಾಗಿಯೂ ಇಲ್ಲ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು. ಏಳು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಬಡತನ, ಹುಡುಗನಿಗೆ ಓದಿನಲ್ಲಿ ಅಷ್ಟಕ್ಕಷ್ಟೆ. ಹದಿಮೂರರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಸಾಹುಕಾರನಾಗುವ ಆಲೋಚನೆ. ತಾಯಿ ಹಿಡಿದು ತಂದು ಮತ್ತೆ ಶಾಲೆಗೆ ಕೂರಿಸಿದರು. ವೆಂಕಮ್ಮನವರು ಗಟ್ಟಿ ಹೆಂಗಸು ಎಂದು ಇಷ್ಟರಿಂದಲೇ ಊಹಿಸಬಹುದು. ರಾಜಮಹೇಂದ್ರಿಯಲ್ಲಿ ಓದಿದರೂ ಮೆಟ್ರಿಕ್ ದಡ ಸೇರಲಿಲ್ಲ. ಈ ನಡುವೆ ತಂದೆ ತೀರಿಕೊಂಡರು. ಕೊನೆಗೆ ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಕುಳಿತು ಪಾಸಾದರು.

ಚೆನ್ನೈನ ಕನ್ನಡಿಗರಿಗೆ ಆ ಶಾಲೆ ಗೊತ್ತಿರುತ್ತದೆ. ತಿರುವಲ್ಲಿಕ್ಕೇಣಿಯಲ್ಲಿ ಈಗಲೂ ನಡೆಯುತ್ತಿದೆ. ಅಲ್ಲಿಂದ ಮರೀನಾ ಕಡೆ ನಡೆದರೆ ಸಮುದ್ರಕ್ಕೆ ಮುಖ ಮಾಡಿ ನಿಂತ ಪ್ರೆಸಿಡೆನ್ಸಿ ಕಾಲೇಜು, ಸುಬ್ಬರಾವ್ ಇಂಟರ್‌ಮೀಡಿಯೆಟ್ ಓದಿದ್ದು ಅಲ್ಲಿ. ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಮದ್ರಾಸ್ ಮೆಡಿಕಲ್ ಕಾಲೇಜು ಅವರು ಡಾಕ್ಟರಿಕೆ ಕಲಿತ ಜಾಗ. ನಡುವೆ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಹಂಬಲ ಬಲವಾಗಿತ್ತು, ಆದರೆ ತಾಯಿ ಒಪ್ಪಲಿಲ್ಲ. ವೈದ್ಯನಾದರೂ ಸೇವೆಯೇ ಅಲ್ಲವೇ ಎಂದು ಮನಸ್ಸು ಹೊಂದಿಸಿಕೊಂಡು ಮೆಡಿಕಲ್ ಸೇರಿದರು. ಖರ್ಚಿಗೆ ಗೆಳೆಯರು ನೆರವಾದರು, ಮುಂದೆ ಹೆಣ್ಣು ಕೊಡಲಿದ್ದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ನೆರವಾದರು. 1919ರಲ್ಲಿ ಅವರ ಮಗಳು ಶೇಷಗಿರಿಯೊಡನೆ ಮದುವೆಯಾಯಿತು.

ಆ ವರ್ಷಗಳು ಗಾಂಧೀಜಿಯ ಕರೆಯ ವರ್ಷಗಳು. ಸುಬ್ಬರಾವ್ ಆಪರೇಷನ್ ಕೋಣೆಗೆ ಖಾದಿ ನಿಲುವಂಗಿ ಧರಿಸಿ ಹೋದರು. ಸರ್ಜರಿ ಕಲಿಸುತ್ತಿದ್ದ ಬ್ರಿಟಿಷ್ ಪ್ರೊಫೆಸರಿಗೆ ಇದು ಸರಿಬರಲಿಲ್ಲ. ಬರೆದ ಪರೀಕ್ಷೆಯೆಲ್ಲ ಚೆನ್ನಾಗಿಯೇ ಇದ್ದರೂ ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಪದವಿಯ ಬದಲು ಎಲ್‌ಎಂಎಸ್ ಎಂಬ ಕಡಿಮೆ ದರ್ಜೆಯ ಪ್ರಮಾಣಪತ್ರ. ಸರ್ಕಾರಿ ವೈದ್ಯ ಸೇವೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಹೊಟ್ಟೆಪಾಡಿಗೆ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಡುವ ಕೆಲಸ ಹಿಡಿದರು.

ಇದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಬಿತ್ತು. ಒಬ್ಬ ಅಣ್ಣ, ಒಬ್ಬ ತಮ್ಮ ಕೆಲವೇ ದಿನಗಳ ಅಂತರದಲ್ಲಿ ಒಂದೇ ಕಾಯಿಲೆಗೆ ತುತ್ತಾದರು. ಕಾಯಿಲೆಯ ಹೆಸರು ಟ್ರಾಪಿಕಲ್ ಸ್ಪ್ರೂ. ಕರುಳು ಆಹಾರವನ್ನು ಹೀರಿಕೊಳ್ಳುವುದನ್ನೇ ಬಿಡುತ್ತದೆ. ನಿಲ್ಲದ ಭೇದಿ, ನಾಲಿಗೆಯಲ್ಲಿ ಹುಣ್ಣು, ರಕ್ತ ಬಿಳಿಚುವುದು, ತಿಂದದ್ದು ಮೈಗೆ ಹತ್ತದೆ ಮನುಷ್ಯ ಸೊರಗುತ್ತಾ ಹೋಗುವುದು. ಸುಬ್ಬರಾವ್ ಅವರಿಗೂ ಅದು ತಗುಲಿತ್ತು. ಆಯುರ್ವೇದ ವೈದ್ಯ ಅಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಚೇತರಿಸಿಕೊಂಡರು. ಯಾಕೆ ಬಂತು, ಯಾಕೆ ಹೋಯಿತು ಎಂದು ಆಗ ಯಾರಿಗೂ ತಿಳಿಯದು. ವೈದ್ಯನಾಗಿ ಮನೆಯಲ್ಲಿದ್ದೂ ಇಬ್ಬರನ್ನು ಉಳಿಸಿಕೊಳ್ಳಲಾಗದ ಮೇಲೆ ಮುಂದಿನ ಓದು ಎಲ್ಲಿ ಎನ್ನುವುದು ಅವರಿಗೆ ತೀರ್ಮಾನವಾಗಿಹೋಯಿತು. ಉಷ್ಣವಲಯದ ಕಾಯಿಲೆಗಳ ಅಧ್ಯಯನಕ್ಕೆ ಹೆಸರಾಗಿದ್ದ ಅಮೆರಿಕದ ಹಾರ್ವರ್ಡ್.

ಮಾವನವರು ಹಣ ಹೊಂದಿಸಿದರು. ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆಯಿಂದ ನೆರವಿನ ಭರವಸೆ ಸಿಕ್ಕಿತು. 1920ರ ದಶಕದ ಆರಂಭದಲ್ಲಿ, ಎಳೆಯ ಹೆಂಡತಿಯನ್ನು ಊರಿನಲ್ಲಿ ಬಿಟ್ಟು, ಜೇಬಿನಲ್ಲಿ ಹೆಚ್ಚೇನೂ ಇಲ್ಲದೆ ಸುಬ್ಬರಾವ್ ಬಾಸ್ಟನ್ ತಲುಪಿದರು. ಅವರು ಹೊರಟ ಮೇಲೆ ಹುಟ್ಟಿದ ಗಂಡುಮಗು ಹಸುಗೂಸಾಗಿರುವಾಗಲೇ ತೀರಿಹೋಯಿತು. ತಂದೆ ಮಗನ ಮುಖ ನೋಡಲಿಲ್ಲ. ಹೆಂಡತಿಯ ಮುಖವನ್ನೂ ಮತ್ತೆ ನೋಡಲಿಲ್ಲ.

ಅವರ ಎಲ್‌ಎಂಎಸ್ ಪ್ರಮಾಣಪತ್ರ ಅಲ್ಲಿ ಹಣ ತರುವ ಕಾಗದವಾಗಿರಲಿಲ್ಲ. ಹಗಲು ಕ್ಲಾಸು, ರಾತ್ರಿ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಕೂಲಿ. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ಈ ಆಸ್ಪತ್ರೆಯ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಎರಡು ಸಲ ಬರುತ್ತದೆ. ಉಷ್ಣವಲಯದ ವೈದ್ಯಶಾಸ್ತ್ರದಲ್ಲಿ ಡಿಪ್ಲೊಮಾ ಮುಗಿಸಿ ಅವರು ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಜೀವರಸಾಯನ ವಿಭಾಗ ಸೇರಿದರು. ವಿಭಾಗದ ಯಜಮಾನ ಓಟೊ ಫೋಲಿನ್, ಸುಬ್ಬರಾವ್ ಕೆಲಸ ಮಾಡಿದ್ದು ಸೈರಸ್ ಫಿಸ್ಕ್ ಎಂಬವರ ಜೊತೆ.

1925ರಲ್ಲಿ ಇಬ್ಬರೂ ಸೇರಿ ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ಸುಲಭ ವಿಧಾನವೊಂದನ್ನು ಪ್ರಕಟಿಸಿದರು. ರಂಜಕ ಇದ್ದಷ್ಟು ದ್ರಾವಣ ನೀಲಿಯಾಗುತ್ತದೆ, ನೀಲಿ ಎಷ್ಟು ಗಾಢ ಎಂದು ಅಳೆದರೆ ಲೆಕ್ಕ ಸಿಕ್ಕಿತು. ಫಿಸ್ಕ್–ಸುಬ್ಬರಾವ್ ವಿಧಾನ ಎಂದು ಜೀವರಸಾಯನ ಓದಿದ ಪ್ರತಿಯೊಬ್ಬರೂ ಪ್ರಯೋಗದ ನೋಟ್‌ಬುಕ್ಕಿನಲ್ಲಿ ಬರೆದಿರುತ್ತಾರೆ. ನಾನೂ ಬರೆದಿದ್ದೇನೆ, ಆ ಸುಬ್ಬರಾವ್ ಯಾರು ಎಂದು ನಮ್ಮ ತರಗತಿಯಲ್ಲಿ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಈ ಅಳತೆಗೋಲು ಹಿಡಿದೇ ಅವರು ಸ್ನಾಯುವಿನೊಳಗೆ ಇಳಿದರು. 1927ರಲ್ಲಿ ಫಾಸ್ಫೊಕ್ರಿಯಾಟಿನ್ ಸಿಕ್ಕಿತು. ಸ್ನಾಯು ದುಡಿಯುವಾಗ ಒಡೆದು, ಸುಧಾರಿಸಿಕೊಳ್ಳುವಾಗ ಮತ್ತೆ ಕಟ್ಟಿಕೊಳ್ಳುವ ಶಕ್ತಿಯ ದಾಸ್ತಾನು ಅದು. ಎರಡೇ ವರ್ಷದಲ್ಲಿ, 1929ರಲ್ಲಿ, ಎಟಿಪಿ. ಜೀವಕೋಶದ ಎಲ್ಲ ಕೆಲಸಕ್ಕೂ ಚಲಾವಣೆಯಾಗುವ ಚಿಲ್ಲರೆ ಹಣ ಎನ್ನಬಹುದಾದ ವಸ್ತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡರು. ಎಟಿಪಿಯ ಮೊದಲ ಅಕ್ಷರದಲ್ಲಿ ಅಡಿನೊಸಿನ್ ಎಂಬ ಅಂಶವಿದೆ. ಅದೂ ಮುಂದೆ ಬೇಕಾಗುತ್ತದೆ.

ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸುಬ್ಬರಾವ್ ಅವರಿಗೆ ಸಿಗಲಿಲ್ಲ. ಅದೇ ವಿಭಾಗದಲ್ಲಿ ಅದೇ ಫಿಸ್ಕ್ ಬಳಿ ಪಿಎಚ್‌ಡಿ ಮಾಡಿದ ಜಾರ್ಜ್ ಹಿಚಿಂಗ್ಸ್ ಎಂಬ ವಿಜ್ಞಾನಿ ಎಷ್ಟೋ ವರ್ಷಗಳ ನಂತರ ಇದನ್ನು ಬಾಯಿಬಿಟ್ಟು ಹೇಳಿದರು. ಸುಬ್ಬರಾವ್ ಬೇರ್ಪಡಿಸಿದ ಕೆಲವು ನ್ಯೂಕ್ಲಿಯೊಟೈಡುಗಳನ್ನು ಬೆಳಕಿಗೆ ಬರಲು ಫಿಸ್ಕ್ ಬಿಡಲಿಲ್ಲ, ಕಾರಣ ಮತ್ಸರವೇ ಇರಬೇಕು, ಬೇರೆಯವರು ಅವನ್ನು ಹೊಸದಾಗಿ ಮತ್ತೆ ಕಂಡುಹಿಡಿಯಬೇಕಾಯಿತು ಎನ್ನುವುದು ಹಿಚಿಂಗ್ಸ್ ಮಾತಿನ ತಾತ್ಪರ್ಯ. ಫಿಸ್ಕ್ ಪರವಾಗಿ ವಾದಿಸಲು ಈಗ ಯಾರೂ ಇಲ್ಲ, ಆದ್ದರಿಂದ ಅಷ್ಟಕ್ಕೇ ಬಿಡೋಣ. ಸುಬ್ಬರಾವ್ ತಾವಾಗಿ ದೂರು ಹೇಳಿಕೊಂಡು ತಿರುಗುವ ಪೈಕಿಯಾಗಿರಲಿಲ್ಲ. ತಮ್ಮ ಹೆಸರಿಗಾಗಿ ಪತ್ರಿಕೆಗಳ ಮುಂದೆ ನಿಂತವರೂ ಅಲ್ಲ. ಹದಿನೈದು ವರ್ಷಕ್ಕೂ ಮಿಕ್ಕಿ ದುಡಿದ ಮೇಲೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. ಹೊರನಾಡಿನಲ್ಲಿ ದುಡಿಯುವ ನಮ್ಮಲ್ಲಿ ಅನೇಕರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಿಲ್ಲ.

1940ರಲ್ಲಿ ಅವರು ನ್ಯೂಯಾರ್ಕ್ ಬಳಿಯ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯಕ್ಕೆ ಹೋದರು. ಅದು ಖಾಸಗಿ ಔಷಧ ಕಂಪನಿ. ವಿಶ್ವವಿದ್ಯಾಲಯ ಬಿಟ್ಟು ಕಂಪನಿಗೆ ಹೋಗುವುದೆಂದರೆ ಆ ಕಾಲದ ವಿಜ್ಞಾನಿಗಳ ಕಣ್ಣಿನಲ್ಲಿ ಒಂದು ಮೆಟ್ಟಿಲು ಇಳಿದಂತೆ. ಸುಬ್ಬರಾವ್ ವಿಷಯದಲ್ಲಿ ಆದದ್ದು ತದ್ವಿರುದ್ಧ. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಶೋಧನೆಯ ಪೂರ್ತಿ ಹೊಣೆ ಅವರ ಹೆಗಲಿಗೆ ಬಂತು. ದೊಡ್ಡ ತಂಡ ಸಿಕ್ಕಿತು, ಹಣ ಸಿಕ್ಕಿತು. ಎದೆಯಲ್ಲಿಟ್ಟುಕೊಂಡು ಬಂದಿದ್ದ ಹಳೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡರು: ರಕ್ತ ಬಿಳಿಚುವ ಕಾಯಿಲೆಗಳಲ್ಲಿ ದೇಹಕ್ಕೆ ಕೊರತೆಯಾಗುವ ಆ ವಸ್ತು ಯಾವುದು?

ಈ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು ಮುಂಬೈಯಲ್ಲಿ. 1920ರ ದಶಕದ ಕೊನೆಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಕಾರ್ಮಿಕ ಹೆಂಗಸರಲ್ಲಿ ಕಾಣಿಸುತ್ತಿದ್ದ ತೀವ್ರ ರಕ್ತಹೀನತೆಯ ಬೆನ್ನು ಹತ್ತಿದರು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟರೆ ಅದು ಗುಣವಾಗುತ್ತದೆಂದು 1931ರಲ್ಲಿ ಬರೆದರು. ಯೀಸ್ಟಿನಲ್ಲಿ, ಯಕೃತ್ತಿನಲ್ಲಿ, ಸೊಪ್ಪಿನಲ್ಲಿ ಏನೋ ಇದೆ ಎಂದಾಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಅದನ್ನು ಚಿಟಿಕೆಯಷ್ಟು ತೆಗೆದು, ಎಲೆಯ ಲ್ಯಾಟಿನ್ ಹೆಸರಿನಿಂದ ಫೋಲಿಕ್ ಆಸಿಡ್ ಎಂದು ಕರೆದರು. ಟನ್‌ಗಟ್ಟಲೆ ಸೊಪ್ಪು ಅರೆದು ಔಷಧ ಮಾಡಲಾಗುತ್ತದೆಯೇ? ಅದರ ರಚನೆ ತಿಳಿದು ಪ್ರಯೋಗಾಲಯದಲ್ಲೇ ಕಟ್ಟಬೇಕಿತ್ತು. 1945ರಲ್ಲಿ ಲೆಡರ್ಲೆ ತಂಡ ಅದನ್ನು ಸಾಧಿಸಿತು. ಆ ಪ್ರಬಂಧದಲ್ಲಿ 16 ಜನರ ಹೆಸರಿದೆ. ಸುಬ್ಬರಾವ್ ಅದರಲ್ಲಿ ಒಬ್ಬರು, ಅಷ್ಟೇ. ತಂಡವನ್ನು ನಡೆಸಿದ ಮನುಷ್ಯ ತನ್ನ ಹೆಸರನ್ನು ನಡುವಿನಲ್ಲೆಲ್ಲೋ ಇಟ್ಟುಕೊಂಡಿದ್ದಾರೆ.

ಹೊಸ ಫೋಲಿಕ್ ಆಸಿಡ್ ಕೈಗೆ ಬಂದ ಕೂಡಲೇ ಟಾಮ್ ಸ್ಪೈಸ್ ಎಂಬ ವೈದ್ಯರು ಕ್ಯೂಬಾದಲ್ಲಿ ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ನಾಲಿಗೆಯ ಹುಣ್ಣು ಮಾಯಿತು, ಹಸಿವು ಮರಳಿತು, ರಕ್ತ ಏರಿತು. ಅಣ್ಣತಮ್ಮಂದಿರು ಹೋಗಿ ಸುಮಾರು ಕಾಲು ಶತಮಾನವಾಗಿತ್ತು. ಇಂದು ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕಬ್ಬಿಣಾಂಶದ ಜೊತೆಗೆ ಕೊಡುವ ಮಾತ್ರೆಯಲ್ಲಿರುವುದು ಇದೇ ಫೋಲಿಕ್ ಆಸಿಡ್.

ಇಲ್ಲಿಂದ ಕಥೆ ಅನಿರೀಕ್ಷಿತ ಕಡೆಗೆ ಹೊರಳುತ್ತದೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಸಿಡ್ ಜಾತಿಯ ವಸ್ತುಗಳನ್ನು ಕೊಟ್ಟು ನೋಡಿದ್ದರು. ಕಾಯಿಲೆ ತಗ್ಗುವ ಬದಲು ಜೋರಾದಂತೆ ಅವರಿಗೆ ಕಂಡಿತು. ಗೊಬ್ಬರ ಹಾಕಿದರೆ ಕಳೆ ಹೆಚ್ಚುತ್ತದೆ ಎಂದಾದರೆ ಗೊಬ್ಬರ ತಡೆದರೆ ಕಳೆ ಸಾಯಬಹುದಲ್ಲ? ಫೋಲಿಕ್ ಆಸಿಡ್ಡಿಗೆ ಅಡ್ಡಗಾಲು ಹಾಕುವ ವಸ್ತು ಬೇಕು ಎಂದು ಅವರು ಸುಬ್ಬರಾವ್ ಅವರನ್ನು ಕೇಳಿದರು. ಲೆಡರ್ಲೆಯ ಡೋರಿಸ್ ಸೀಗರ್ ಮತ್ತು ಸಂಗಡಿಗರು ಆ ಹೊತ್ತಿಗಾಗಲೇ ಅಂಥವನ್ನು ತಯಾರಿಸುತ್ತಿದ್ದರು. ಫೋಲಿಕ್ ಆಸಿಡ್ಡಿನ ಒಂದು ಮೂಲೆಯ ಗುಂಪನ್ನು ತೆಗೆದು ಬೇರೊಂದು ಕೂರಿಸಿದರೆ ಅಮಿನೊಪ್ಟೆರಿನ್. ಅದಕ್ಕೆ ಇನ್ನೊಂದು ಸಣ್ಣ ಮಿಥೈಲ್ ಗುಂಪು ಸೇರಿಸಿದರೆ ಮೆಥೊಟ್ರೆಕ್ಸೇಟ್. ನೋಡಲು ಅಸಲಿ ಕೀಲಿಕೈಯಂತೆಯೇ ಇರುತ್ತದೆ. ಬೀಗದೊಳಗೆ ಸಲೀಸಾಗಿ ಹೋಗುತ್ತದೆ, ತಿರುಗುವುದಿಲ್ಲ, ಹೊರಕ್ಕೂ ಬರುವುದಿಲ್ಲ. ಡಿಎನ್‌ಎ ಕಟ್ಟಲು ಬೇಕಾದ ಕಿಣ್ವ ಅಲ್ಲೇ ಸಿಕ್ಕಿಕೊಂಡು ಕೋಶ ಇಬ್ಭಾಗವಾಗುವುದು ನಿಲ್ಲುತ್ತದೆ.

1947ರ ಕೊನೆಗೆ ಫಾರ್ಬರ್ ಮೊದಲ ಮಗುವಿಗೆ ಅಮಿನೊಪ್ಟೆರಿನ್ ಕೊಟ್ಟರು. ರಕ್ತದ ಕ್ಯಾನ್ಸರ್ ಎಂದರೆ ವಾರಗಳ ಲೆಕ್ಕ ಹಾಕುತ್ತಿದ್ದ ಕಾಲ ಅದು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡದ್ದು ದಾಖಲಾಯಿತು. ಆ ಚೇತರಿಕೆ ಕೆಲವು ತಿಂಗಳದ್ದು, ನಂತರ ಕಾಯಿಲೆ ಮರುಕಳಿಸಿತು. ಆದರೆ ಔಷಧಕ್ಕೆ ಬಗ್ಗದು ಎಂದುಕೊಂಡಿದ್ದ ಕಾಯಿಲೆ ಮೊದಲ ಸಲ ಬಗ್ಗಿತ್ತು.

ಅದೇ ವರ್ಷಗಳಲ್ಲಿ ಸುಬ್ಬರಾವ್ ಅವರ ತಂಡದಿಂದ ಇನ್ನೂ ಎರಡು ಔಷಧಗಳು ಹೊರಬಂದವು. ಒಂದು, ಆನೆಕಾಲು ರೋಗಕ್ಕೆ ಡೈಇಥೈಲ್ ಕಾರ್ಬಮಜಿನ್. ಮಂಗಳೂರು ಉಡುಪಿ ಕಡೆಯವರಿಗೆ, ಕಲಬುರಗಿ ಬೀದರ್ ಕಡೆಯವರಿಗೆ ಆರೋಗ್ಯ ಇಲಾಖೆಯವರು ಮನೆಬಾಗಿಲಿಗೆ ತಂದು ಕೊಟ್ಟ ಡಿಇಸಿ ಮಾತ್ರೆ ನೆನಪಿರಬೇಕು, ಅದೇ ಇದು. ಇನ್ನೊಂದು ಆರಿಯೊಮೈಸಿನ್, ಟೆಟ್ರಾಸೈಕ್ಲಿನ್ ವಂಶದ ಮೊದಲ ಆ್ಯಂಟಿಬಯೋಟಿಕ್. ಅದನ್ನು ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದವರು ವಯಸ್ಸು ಎಪ್ಪತ್ತು ದಾಟಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಇವೆರಡರ ಕಥೆ ಬೇರೆಯೇ ಇದೆ.

1948ರ ಆಗಸ್ಟ್‌ನಲ್ಲಿ, ಫಾರ್ಬರ್ ವರದಿ ಬಂದು ಎರಡು ತಿಂಗಳಿಗೆ, ಸುಬ್ಬರಾವ್ ನಿದ್ದೆಯಲ್ಲೇ ಹೃದಯ ನಿಂತು ತೀರಿಕೊಂಡರು. ವಯಸ್ಸು 53. ತಮ್ಮ ತಂಡ ಮಾಡಿದ ವಸ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸಬಲ್ಲದು, ಅದೇ ಅದರ ಬಹುದೊಡ್ಡ ಉಪಯೋಗವಾಗಲಿದೆ ಎಂಬುದು ಅವರಿಗೆ ತಿಳಿಯಲೇ ಇಲ್ಲ.

ಅದು ತಿಳಿದದ್ದು 1951ರಲ್ಲಿ. ರಿಚರ್ಡ್ ಗಬ್ನರ್ ಮತ್ತು ಜೊತೆಗಾರರು ರುಮಟಾಯ್ಡ್ ಸಂಧಿವಾತ ಮತ್ತು ಸೋರಿಯಾಸಿಸ್ ಇದ್ದವರಿಗೆ ಅಮಿನೊಪ್ಟೆರಿನ್ ಕೊಟ್ಟಾಗ ಕೀಲಿನ ಬಾವು ಇಳಿದದ್ದನ್ನು, ಚರ್ಮ ತಿಳಿಯಾದದ್ದನ್ನು ಬರೆದರು. ತರ್ಕ ಸರಳ. ಶತ್ರು ಬಂದನೆಂದು ತಿಳಿದ ಬಿಳಿ ರಕ್ತಕಣಗಳು ಮಾಡುವ ಮೊದಲ ಕೆಲಸ ತಮ್ಮ ಸಂಖ್ಯೆಯನ್ನು ಬೇಗ ಬೇಗ ಹೆಚ್ಚಿಸಿಕೊಳ್ಳುವುದು. ಕ್ಯಾನ್ಸರ್ ಕೋಶವನ್ನು ತಡೆಯುವ ಬ್ರೇಕು ಇವನ್ನೂ ತಡೆಯುತ್ತದೆ. ಆದರೆ ಆ ಬರಹವನ್ನು ಆಗ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸುಬ್ಬರಾವ್ ಸತ್ತ ಮರು ತಿಂಗಳೇ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಚುಚ್ಚಿದ್ದರು. ಹಾಸಿಗೆ ಹಿಡಿದವರು ಎದ್ದು ನಡೆದರು, 1950ಕ್ಕೆ ನೊಬೆಲ್ಲೂ ಬಂತು. ಅಂಥ ಪವಾಡದ ಮುಂದೆ ಕ್ಯಾನ್ಸರಿನ ವಿಷವನ್ನು ಕೀಲುನೋವಿಗೆ ಯಾರು ಕೊಟ್ಟಾರು? ಸ್ಟಿರಾಯ್ಡುಗಳು ಮುಖ ಊದಿಸಿ, ಮೂಳೆ ಸವೆಸಿ, ಸಕ್ಕರೆ ಏರಿಸುತ್ತವೆ ಎಂದು ಅನುಭವಕ್ಕೆ ಬರುವ ತನಕ ಮೆಥೊಟ್ರೆಕ್ಸೇಟ್ ಮೂಲೆಯಲ್ಲೇ ಇತ್ತು. ಚರ್ಮವೈದ್ಯರು ಮಾತ್ರ ಅದನ್ನು ಕೈಬಿಡದೆ ಸೋರಿಯಾಸಿಸ್‌ಗೆ ಬಳಸುತ್ತಾ ಬಂದರು. ಕಡಿಮೆ ಪ್ರಮಾಣದಲ್ಲಿ, ವಾರಕ್ಕೊಂದು ದಿನ ಕೊಡಬೇಕೆಂಬ ಹದ ಕುದುರಿದ್ದರಲ್ಲಿ ಅವರ ಪಾಲು ದೊಡ್ಡದು.

1985ರಲ್ಲಿ ಬಾಸ್ಟನ್ನಿನ ಮೈಕೆಲ್ ವೈನ್‌ಬ್ಲಾಟ್ ಮತ್ತು ಸಂಗಡಿಗರು ಸಂಧಿವಾತದವರಲ್ಲಿ ಈ ವಾರದ ಪ್ರಮಾಣವನ್ನು ಖಾಲಿ ಮಾತ್ರೆಯ ಎದುರು ಇಟ್ಟು ಪರೀಕ್ಷಿಸಿ, ಕೆಲಸ ಮಾಡುತ್ತದೆಂದು ತೋರಿಸಿದರು. ವೈನ್‌ಬ್ಲಾಟ್ ಇದ್ದದ್ದು ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ. ಸುಬ್ಬರಾವ್ ರಾತ್ರಿಪಾಳಿಯಲ್ಲಿ ಪಾತ್ರೆ ತೊಳೆದ ಆಸ್ಪತ್ರೆಯೇ ಬೇರೆ ಎರಡು ಆಸ್ಪತ್ರೆಗಳೊಡನೆ ಸೇರಿ ಆ ಹೆಸರು ಪಡೆದಿತ್ತು. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಂಧಿವಾತಕ್ಕೆ ಅದನ್ನು ಒಪ್ಪಿತು. ಈಗ ಜಗತ್ತಿನ ಎಲ್ಲೆಡೆ ರುಮಟಾಯ್ಡ್ ಸಂಧಿವಾತಕ್ಕೆ ಡಾಕ್ಟರು ಮೊದಲು ಬರೆಯುವ ಔಷಧ ಇದೇ.

ನಮ್ಮ ನೆಂಟರ ಪ್ರಶ್ನೆಗೆ ಉತ್ತರವಿರುವುದು ಪ್ರಮಾಣದಲ್ಲಿ. ಕೆಲವು ಕ್ಯಾನ್ಸರುಗಳಿಗೆ ಇದನ್ನು ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ ಏಳೂವರೆಯಿಂದ 25 ಮಿಲಿಗ್ರಾಂ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಬಾವಿಳಿಸುವುದು ಕೋಶಗಳನ್ನು ಕೊಂದಲ್ಲ. ಕೋಶಗಳ ಹೊರಗೆ ಅಡಿನೊಸಿನ್ ಹೆಚ್ಚುವಂತೆ ಮಾಡುತ್ತದೆ, ಅಡಿನೊಸಿನ್ ಬಿಳಿ ರಕ್ತಕಣಗಳನ್ನು ಸಮಾಧಾನಪಡಿಸುತ್ತದೆ ಎಂಬುದು ಇಂದು ಹೆಚ್ಚು ಮಂದಿ ಒಪ್ಪುವ ವಿವರಣೆ. ಎಟಿಪಿಯೊಳಗಿದ್ದ ಅದೇ ಅಡಿನೊಸಿನ್. ಇನ್ನೊಂದು ಸೋಜಿಗವೆಂದರೆ, ಮೆಥೊಟ್ರೆಕ್ಸೇಟ್ ಬರೆದ ಡಾಕ್ಟರು ಬಾಯಿಹುಣ್ಣು, ವಾಕರಿಕೆ ಬಾರದಿರಲೆಂದು ಬೇರೆ ದಿನಗಳಿಗೆ ಫೋಲಿಕ್ ಆಸಿಡ್ಡನ್ನೂ ಬರೆಯುತ್ತಾರೆ. ಅಸಲಿ ಕೀಲಿಕೈ, ನಕಲಿ ಕೀಲಿಕೈ ಎರಡೂ ಒಂದೇ ಚೀಟಿಯಲ್ಲಿ, ಎರಡೂ ಪರ್ಲ್ ರಿವರ್‌ನ ಒಂದೇ ಪ್ರಯೋಗಾಲಯದಿಂದ ಬಂದವು.

ಈ ಎರಡು ಮಾತ್ರೆ ಅದಲುಬದಲಾದರೆ ಮಾತ್ರ ಕೇಡು. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿ ರಕ್ತಕಣಗಳು ಪಾತಾಳಕ್ಕಿಳಿದು ಜೀವ ಹೋದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಊರಿನಿಂದ ಬಂದು ನಮ್ಮ ಜೊತೆ ಇರುವ ಅಪ್ಪ ಅಮ್ಮಂದಿರಿಗೆ ಈ ಅಪಾಯ ಒಂದು ಕೈ ಹೆಚ್ಚು. ಪುಣೆಯ ಮೆಡಿಕಲ್ ಶಾಪಿನವರು ಕವರಿನ ಮೇಲೆ ಮರಾಠಿಯಲ್ಲಿ ಗೀಚಿ ಕೊಡುತ್ತಾರೆ, ಚೆನ್ನೈಯವರು ತಮಿಳಿನಲ್ಲಿ, ಇಲ್ಲಿಯವರು ತೆಲುಗಿನಲ್ಲಿ. ಅಮ್ಮನಿಗೆ ಬರುವುದು ಕನ್ನಡ. ನಾನು ಬಂದವರಿಗೆಲ್ಲ ಮಾಡಿಕೊಡುವುದು ಇಷ್ಟೇ: ಮಾತ್ರೆಯ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಭಾನುವಾರ ಮಾತ್ರ ಎಂದೋ, ಡಾಕ್ಟರು ಹೇಳಿದ ಬೇರೆ ವಾರವನ್ನೋ ಬರೆಯುವುದು, ಫೋಲಿಕ್ ಆಸಿಡ್ಡನ್ನು ಬೇರೆ ಡಬ್ಬಿಗೆ ಹಾಕುವುದು. ಡಾಕ್ಟರು ಹೇಳಿದ ಹೊತ್ತಿಗೆ ರಕ್ತ ಪರೀಕ್ಷೆ ತಪ್ಪಿಸಬಾರದು, ಯಕೃತ್ತು, ಕಿಡ್ನಿ, ರಕ್ತಕಣ ಮೂರನ್ನೂ ನೋಡುತ್ತಾರೆ. ಮಗುವಿನ ಯೋಚನೆಯಿದ್ದರೆ ಬಹಳ ಮುಂಚೆಯೇ ಅವರಿಗೆ ತಿಳಿಸಬೇಕು, ಬಸಿರಿನಲ್ಲಿ ಇದು ಸಲ್ಲದು. ಮದ್ಯ ಬೇಡ. ಜ್ವರ, ಬಾಯಿಹುಣ್ಣು, ಒಣಕೆಮ್ಮು ಬಂದರೆ ಕಾಯದೆ ಫೋನ್ ಮಾಡಬೇಕು. ಮೂತ್ರದ ಸೋಂಕಿಗೆಂದು ಬೇರೆ ಡಾಕ್ಟರು ಕೋಟ್ರೈಮಾಕ್ಸಜೋಲ್ ಬರೆಯಲು ಹೊರಟರೆ ಈ ಮಾತ್ರೆ ನುಂಗುತ್ತಿರುವುದನ್ನು ಹೇಳಲೇಬೇಕು, ಎರಡೂ ಕೂಡಿದರೆ ಅಪಾಯ.

ಹಿಚಿಂಗ್ಸ್ ಕಡೆಗೆ ಮರಳೋಣ. ಫಿಸ್ಕ್ ಪ್ರಯೋಗಾಲಯ ಬಿಟ್ಟ ಮೇಲೆ ಅವರು ಗರ್ಟ್ರೂಡ್ ಎಲಿಯನ್ ಎಂಬ ಪ್ರತಿಭಾವಂತೆಯ ಜೊತೆಗೂಡಿ, ಡಿಎನ್‌ಎ ಕಟ್ಟುವ ಇಟ್ಟಿಗೆಗಳ ನಕಲಿ ರೂಪಗಳನ್ನು ತಯಾರಿಸಿದರು. ಒಂದು 6-ಮರ್ಕ್ಯಾಪ್ಟೊಪ್ಯೂರಿನ್. ಮೊಲಗಳಲ್ಲಿ ಅದು ರೋಗನಿರೋಧಕ ಪ್ರತಿಕ್ರಿಯೆಯನ್ನು ಅಡಗಿಸುತ್ತದೆಂದು 1959ರಲ್ಲಿ ಬಾಸ್ಟನ್ನಿನ ರಾಬರ್ಟ್ ಶ್ವಾರ್ಟ್ಜ್ ಮತ್ತು ವಿಲಿಯಂ ಡೇಮಶೆಕ್ ತೋರಿಸಿದರು. ಅದರಿಂದಲೇ ಬಂದದ್ದು ಅಜಥಿಯೊಪ್ರಿನ್. 1962ರಲ್ಲಿ ಜೋಸೆಫ್ ಮರ್ರೆ ಸಂಬಂಧವಿಲ್ಲದ ಮೃತ ವ್ಯಕ್ತಿಯ ಕಿಡ್ನಿಯನ್ನು ರೋಗಿಗೆ ಕಸಿ ಮಾಡಿ, ಈ ಔಷಧದ ಕಾವಲಿನಲ್ಲಿ ಅದನ್ನು ಉಳಿಸಿಕೊಂಡರು. ಆಸ್ಪತ್ರೆ ಮತ್ತೆ ಅದೇ ಪೀಟರ್ ಬೆಂಟ್ ಬ್ರಿಗಮ್. ಎಲಿಯನ್, ಹಿಚಿಂಗ್ಸ್ ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು, ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ಒಪ್ಪಿಗೆ ಪಡೆದ ಅದೇ ವರ್ಷ. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯ ದೀರ್ಘ ಕೊನೆಯ ಹಂತದಲ್ಲಿ ಇಂದಿಗೂ ದಿನವೂ 6-ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಕೊಡುತ್ತಾರೆ.

ಅಸ್ಥಿಮಜ್ಜೆ ಕಸಿಯಲ್ಲಿ ಹೊಸ ಮಜ್ಜೆ ರೋಗಿಯ ದೇಹದ ಮೇಲೆಯೇ ತಿರುಗಿ ಬೀಳದಂತೆ ಮೆಥೊಟ್ರೆಕ್ಸೇಟನ್ನು ಸೈಕ್ಲೊಸ್ಪೊರಿನ್ ಜೊತೆ ಬಳಸುವ ರೂಢಿ ಸಿಯಾಟಲ್‌ನಲ್ಲಿ ಬೆಳೆಯಿತು. ಸೈಕ್ಲೊಸ್ಪೊರಿನ್ ನಾರ್ವೆಯ ಮಣ್ಣಿನ ಬೂಷ್ಟಿನಿಂದ ಬಂದದ್ದು, ಕಸಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ್ದು. ಅದರ ನಂತರದ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್‌ಗಳನ್ನು ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ತಯಾರಿಸುತ್ತದೆ.

ಸುಬ್ಬರಾವ್ ಅಮೆರಿಕದಲ್ಲಿ ಕಳೆದ ಹೆಚ್ಚಿನ ವರ್ಷ ಭಾರತೀಯರಿಗೆ ಅಲ್ಲಿ ಪೌರತ್ವ ಪಡೆಯುವ ಹಕ್ಕೇ ಇರಲಿಲ್ಲ. 1946ರಲ್ಲಿ ಕಾನೂನು ಬದಲಾಗಿ ಬಾಗಿಲು ತೆರೆದ ಮೇಲೂ ಅವರು ಭಾರತೀಯರಾಗಿಯೇ ಉಳಿದರು. ಸ್ವತಂತ್ರ ಭಾರತಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ, ಅವರು ಹೋದರು. 1953ರಲ್ಲಿ ಹೊಸದಾಗಿ ಸಿಕ್ಕಿದ ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಎಂದು ಹೆಸರಿಟ್ಟರು. ಹುಟ್ಟಿ ನೂರು ವರ್ಷವಾದಾಗ, 1995ರಲ್ಲಿ, ಭಾರತ ಸರ್ಕಾರ ಅಂಚೆಚೀಟಿ ತಂದಿತು. ಶೇಷಗಿರಿಯವರು ಗಂಡನೊಡನೆ ಸಂಸಾರ ಮಾಡಿದ್ದು ಮದುವೆಯಾದ ಮೊದಲ ಮೂರ್ನಾಲ್ಕು ವರ್ಷ ಮಾತ್ರ.